ಸಂಪಾದಕರ ಉತ್ತರ: ಹಿಲ್ ಟಾಪ್ ಬರೀ ತೋರಿಕೆಯ ಮನೆಯಲ್ಲ

ಲೀಡ್ಸ್‌ನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಬೇಸರ ಅರ್ಥವಾಯಿತು. ಪೀಟರ್ ರ‍್ಯಾಬಿಟ್ ಪುಸ್ತಕ ಅಂದರೆ ಜೀವ ಬಿಡುವ ಏಳು ವರ್ಷದ ಮಗಳನ್ನೂ, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರನ್ನೂ ಕರೆದುಕೊಂಡು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡ-ಕೆರೆಗಳ ಸೀಮೆಯ ನಿಯರ್ ಸಾರಿ ಹಳ್ಳಿಗೆ ಹೋಗಿ, ಆ ಪುಸ್ತಕ ಬರೆದ ಬಿಯಾಟ್ರಿಕ್ಸ್ ಪಾಟರ್ ಅವರ ಹಿಲ್ ಟಾಪ್ ಮನೆ ನೋಡಿದಿರಿ. ಸರದಿ ಕಾಯಬೇಕಾಯಿತು, ಕೋಣೆಗಳು ಚಿಕ್ಕವು, ಒಳಗೆ ಕತ್ತಲೆ, ಮಗಳು ಸ್ವಲ್ಪ ಹೊತ್ತಿಗೇ ‘ಹೋಗೋಣ’ ಅಂದಳು. ಕುಪ್ಪಳಿಯ ಕವಿಮನೆ ಕಂಡ ಅತ್ತೆಯವರು ‘ಇದು ತೋಟದ ಕಾವಲು ಮನೆಯಷ್ಟೂ ಇಲ್ಲ, ಸಮಾಧಿಯೂ ಇಲ್ಲ’ ಅಂದರು. ಕೊನೆಗೆ ನೀವು ಕೇಳಿದ್ದು ಇದು: ಮದುವೆಯಾದ ಮೇಲೆ ಆಕೆ ಅಲ್ಲಿ ವಾಸವೇ ಇರಲಿಲ್ಲವಂತೆ, ಹಾಗಾದರೆ ನಮಗೆ ತೋರಿಸಿದ್ದೇನು?

ಮೊದಲು ಮಗಳ ವಿಷಯ. ಅವಳು ಆ ಮನೆಯಲ್ಲಿ ಪೀಟರ್‌ನನ್ನು ಹುಡುಕಿದಳು, ಅಲ್ವಾ? ಅವನು ಅಲ್ಲಿ ಸಿಗುವುದಿಲ್ಲ. ಆ ಕಥೆ ಹುಟ್ಟಿದ್ದು 1893ರಲ್ಲಿ, ಕಾಯಿಲೆ ಬಿದ್ದಿದ್ದ ಒಬ್ಬ ಪುಟ್ಟ ಹುಡುಗನಿಗೆ ಬರೆದ ಚಿತ್ರಪತ್ರವಾಗಿ. ಪ್ರಕಾಶಕರು ಅದನ್ನು ಪುಸ್ತಕ ಮಾಡಿದ್ದು 1902ರಲ್ಲಿ. ಹಿಲ್ ಟಾಪ್ ಕೊಂಡಿದ್ದು 1905ರಲ್ಲಿ. ಆ ಮನೆ ಇರುವುದು ಅದರ ನಂತರ ಬಂದ ಪುಸ್ತಕಗಳಲ್ಲಿ. 1907ರ ಟಾಮ್ ಕಿಟನ್ ಕಥೆಯ ಬೆಕ್ಕಿನಮರಿಗಳು ಹತ್ತಿ ಕೂರುವ ಗೋಡೆ, ಬಾಗಿಲವರೆಗೆ ಹೋಗುವ ಹೂದೋಟದ ಕಾಲುದಾರಿ, ಎಲ್ಲ ಅಲ್ಲಿಯದೇ. 1908ರ ಜೆಮೈಮಾ ಬಾತುಕೋಳಿಯ ಕಥೆಯಲ್ಲಿ ತರಕಾರಿ ತೋಟವಿದೆ, ಪಕ್ಕದ ಟವರ್ ಬ್ಯಾಂಕ್ ಆರ್ಮ್ಸ್ ಅನ್ನೋ ಹೋಟೆಲೂ ಇದೆ. ಅದೇ ವರ್ಷದ ಸ್ಯಾಮ್ಯುಯೆಲ್ ವಿಸ್ಕರ್ಸ್ ಕಥೆಯಂತೂ ಬಹುಪಾಲು ಮನೆಯೊಳಗೇ ನಡೆಯುತ್ತದೆ. ಬೆಕ್ಕಿನಮರಿ ಒಲೆಯ ಚಿಮಣಿಗೆ ಹತ್ತುತ್ತದೆ, ಇಲಿಗಳು ಅದನ್ನು ಹಿಡಿದು ಹಿಟ್ಟಿನಲ್ಲಿ ಸುತ್ತುತ್ತವೆ. ಆಕೆ ಕೊಂಡಾಗ ಆ ಮನೆಯಲ್ಲಿ ನಿಜಕ್ಕೂ ಇಲಿಕಾಟ ವಿಪರೀತವಾಗಿತ್ತು! ಒಲೆ, ಮರದ ಬೀರು, ಮೆಟ್ಟಿಲಿನ ತಿರುವು, ಕಿಟಕಿ, ಇವನ್ನು ಪುಸ್ತಕ ಕೈಯಲ್ಲಿ ಹಿಡಿದು ಪುಟಕ್ಕೆ ಪುಟ ಹೊಂದಿಸಿ ನೋಡಬೇಕು. ಹಾಗೆ ನೋಡುವ ಮಗುವಿಗೆ ಕತ್ತಲೆ ಕೋಣೆ ಬೇಸರ ತರಿಸುವುದಿಲ್ಲ, ಇಲಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಇದು ನನಗೆ ತುಂಬಾ ಮುಖ್ಯ ಅನ್ನಿಸಿತು.

1905ರ ಬೇಸಿಗೆಯಲ್ಲಿ ಪಾಟರ್‌ಗೆ 39 ತುಂಬಿತ್ತು. ಇನ್ನೂ ಲಂಡನ್ನಿನಲ್ಲಿ ತಂದೆತಾಯಿಯ ಮನೆಯಲ್ಲೇ ಇದ್ದರು. ಆಕೆಯ ಪುಸ್ತಕಗಳನ್ನು ಹೊರತರುತ್ತಿದ್ದ ಪ್ರಕಾಶನ ಮನೆತನದ ನಾರ್ಮನ್ ವಾರ್ನ್ ಮದುವೆಯಾಗೋಣ ಅಂದಾಗ ಒಪ್ಪಿದರು. ವ್ಯಾಪಾರ ಮಾಡುವವರ ಸಂಬಂಧ ನಮಗೆ ಬೇಡ ಅಂತ ಹೆತ್ತವರು ತಕರಾರು ಮಾಡಿದರು, ಆಕೆ ಬಗ್ಗಲಿಲ್ಲ. ಆದರೆ ಆಗಸ್ಟ್ 25ರಂದು ನಾರ್ಮನ್ ತೀರಿಕೊಂಡರು, ರಕ್ತದ ಕ್ಯಾನ್ಸರ್, ಮಾತುಕತೆಯಾಗಿ ಬರೀ ಒಂದು ತಿಂಗಳು. ಆ ಶರತ್ಕಾಲದಲ್ಲೇ ಆಕೆ ಪುಸ್ತಕದ ಗೌರವಧನ ಮತ್ತು ಬಂಧುವೊಬ್ಬರಿಂದ ಬಂದ ಹಣ ಸೇರಿಸಿ, 17ನೇ ಶತಮಾನದ ಆ ಹಳೇ ರೈತಮನೆಯನ್ನೂ ಜಮೀನನ್ನೂ ಕೊಂಡರು. ಬೇಸಾಯ ನೋಡಿಕೊಳ್ಳುತ್ತಿದ್ದ ಕುಟುಂಬವನ್ನು ಎಬ್ಬಿಸಲಿಲ್ಲ, ಅವರಿಗಾಗಿ ಮನೆಗೆ ಒಂದು ಭಾಗ ಸೇರಿಸಿ ಕಟ್ಟಿಸಿದರು. ಹಳೇ ಭಾಗ ತನಗೆ ಇಟ್ಟುಕೊಂಡರು. ಹೆತ್ತವರನ್ನು ನೋಡಿಕೊಳ್ಳಬೇಕಿತ್ತು, ಹಾಗಾಗಿ ಬಿಡುವಾದಾಗಲೆಲ್ಲ ಬಂದು ಹೋಗುತ್ತಿದ್ದರು.

1913ರಲ್ಲಿ, 47ನೇ ವಯಸ್ಸಿಗೆ, ಅಲ್ಲಿನ ವಕೀಲ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದರು. ಸಂಸಾರ ಹೂಡಿದ್ದು ಅದೇ ಊರಿನ ಕ್ಯಾಸಲ್ ಕಾಟೇಜಿನಲ್ಲಿ. ಹಿಲ್ ಟಾಪ್ ಬಿಡಲಿಲ್ಲ. ಅಲ್ಲಿ ತನಗಿಷ್ಟದ ಹಳೇ ಪೀಠೋಪಕರಣ, ಪಿಂಗಾಣಿ, ತಮ್ಮ ಬರ್ಟ್ರಮ್ ಬಿಡಿಸಿದ ದೊಡ್ಡ ದೊಡ್ಡ ವರ್ಣಚಿತ್ರ, ಹೀಗೆ ಒಂದೊಂದನ್ನೇ ತಂದು ಜೋಡಿಸಿದರು. ಗೊಂಬೆಮನೆಯಲ್ಲಿ ಪ್ಲಾಸ್ಟರಿನ ಊಟದ ತಟ್ಟೆಗಳನ್ನು ನೋಡಿರಬೇಕು. 1904ರ ಎರಡು ತುಂಟ ಇಲಿಗಳ ಕಥೆಗೆ ಚಿತ್ರ ಬಿಡಿಸಲಿ ಅಂತ ನಾರ್ಮನ್ ಕೊಂಡು ಕಳಿಸಿದ್ದವು ಅವು. ಬೇರೆಯವರನ್ನು ಮದುವೆಯಾಗಿ ಮೂವತ್ತು ವರ್ಷ ಬಾಳಿದ ಮೇಲೂ ಅವು ಅಲ್ಲೇ ಇದ್ದವು. 1943ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ಕೋಣೆಗಳನ್ನು ಇದ್ದ ಹಾಗೇ ಇಡಬೇಕು ಅಂತ ಉಯಿಲಿನಲ್ಲಿ ಬರೆದಿದ್ದರು. 1946ರಲ್ಲಿ, ಹಳೇ ಮನೆ, ಭೂಮಿಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಅದನ್ನು ಜನರಿಗೆ ತೆರೆಯಿತು.

ಅಂದರೆ, ನಿಮಗೆ ತೋರಿಸಿದ್ದು ಆಕೆ ದಿನಾ ಅಡುಗೆ ಮಾಡಿ ಉಂಡು ಮಲಗಿದ ಮನೆಯನ್ನಲ್ಲ. ತನಗೊಂದು ಸ್ವಂತ ಜಾಗ ಇರಲಿ ಅಂತ ಒಬ್ಬ ಹೆಂಗಸು ತನ್ನ ದುಡಿಮೆಯಲ್ಲಿ ಕೊಂಡು, ತನ್ನ ಕೈಯಾರೆ ಜೋಡಿಸಿದ ಮನೆಯನ್ನು. ನನಗೆ ಇದು ವಾಸದ ಮನೆಗಿಂತ ಜಾಸ್ತಿ ಬೆಲೆಯುಳ್ಳದ್ದು. ಅತ್ತೆಯವರಿಗೆ ಇದನ್ನು ದಯವಿಟ್ಟು ಹೇಳಿ, ಅವರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಅರ್ಥವಾದೀತು.

ಸಮಾಧಿಯ ಬಗ್ಗೆ ಅವರು ಎತ್ತಿದ ಮಾತಿಗೂ ಉತ್ತರ ಇದೆ. ಕುಪ್ಪಳಿಯಲ್ಲಿ ಮನೆ ನೋಡಿ ಕವಿಶೈಲ ಹತ್ತಿದರೆ ಕುವೆಂಪು ಸಮಾಧಿ ಸಿಗುತ್ತದೆ. ಪಾಟರ್‌ಗೆ ಸಮಾಧಿ ಇಲ್ಲ. ಆಕೆಯ ಇಚ್ಛೆಯಂತೆ ಕುರಿಗಾಹಿ ಟಾಮ್ ಸ್ಟೋರಿ ಚಿತಾಭಸ್ಮವನ್ನು ಊರಿನ ಮೇಲಿನ ಗುಡ್ಡದಲ್ಲಿ ಚೆಲ್ಲಿ, ಜಾಗವನ್ನು ಗುಟ್ಟಾಗಿ ಇಟ್ಟರು. ಕುರಿಗಾಹಿಯೇ ಯಾಕೆ ಅಂದರೆ, ಬದುಕಿನ ಕೊನೆಯ ಮೂವತ್ತು ವರ್ಷ ಆಕೆ ಹೆಚ್ಚಾಗಿ ಮಿಸೆಸ್ ಹೀಲಿಸ್ ಅನ್ನೋ ರೈತಳೇ ಆಗಿದ್ದರು. ಆ ಗುಡ್ಡಗಳದೇ ಆದ ಹರ್ಡ್‌ವಿಕ್ ತಳಿಯ ಕುರಿ ಸಾಕಿ ಬಹುಮಾನ ಗೆದ್ದರು. ಆ ತಳಿ ಸಾಕುವವರ ಸಂಘಕ್ಕೆ ಮಹಿಳೆಯೊಬ್ಬರು ಅಧ್ಯಕ್ಷರಾಗಿ ಆಯ್ಕೆಯಾದದ್ದು ಅದೇ ಮೊದಲು, ಅಧಿಕಾರ ವಹಿಸಿಕೊಳ್ಳುವ ಮೊದಲೇ ತೀರಿಕೊಂಡರು. ಮಾರಾಟಕ್ಕೆ ಬಂದ ಜಮೀನುಗಳನ್ನು ಪುಸ್ತಕದ ದುಡ್ಡಿನಲ್ಲಿ ಒಂದೊಂದಾಗಿ ಕೊಂಡು, ತುಂಡಾಗದ ಹಾಗೆ, ಬಂಗಲೆ ಏಳದ ಹಾಗೆ ಕಾದುಕೊಂಡರು. 4,000 ಎಕರೆಗೂ ಹೆಚ್ಚು ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದರು, ಗುಡ್ಡದ ಮೇಲಿನ ಮಂದೆಗಳು ಹರ್ಡ್‌ವಿಕ್ಕೇ ಆಗಿರಬೇಕು ಅನ್ನೋ ಮಾತಿನೊಂದಿಗೆ. ಚಿಕ್ಕ ಮನೆ ನೋಡಿ ಹೊರಗೆ ಬಂದಾಗ ನೀವು ಕಂಡ ಕಲ್ಲುಗೋಡೆ, ಕುರಿ, ಬೇಣ, ಇವನ್ನು ನೀವು ‘ದಾರಿಯ ನೋಟ ಚೆನ್ನಾಗಿತ್ತು’ ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಕವಿಮನೆಯಷ್ಟು ದೊಡ್ಡದು ಬೇಕಿದ್ದರೆ ಅದು ಅಲ್ಲೇ ಇತ್ತು.

ಮತ್ತೆ ಹೋಗೋದಾದರೆ ಸ್ಯಾಮ್ಯುಯೆಲ್ ವಿಸ್ಕರ್ಸ್ ಮತ್ತು ಟಾಮ್ ಕಿಟನ್ ಎರಡನ್ನೂ ಮೊದಲೇ ಮಗಳಿಗೆ ಓದಿಸಿ, ಜೊತೆಗೂ ಒಯ್ಯಿರಿ. ವಿಂಡರ್‌ಮಿಯರ್ ಕೆರೆಯ ಆಚೆ ದಡದ ಬೋನೆಸ್ ಊರಿನಿಂದ ದೋಣಿ ಹತ್ತಿ ಕೆರೆ ದಾಟಿ ಹೋದರೆ ಅವಳಿಗೆ ಖುಷಿಯಾಗುತ್ತದೆ. ಟಿಕೆಟ್ಟಿಗೆ ಹೊತ್ತು ಗೊತ್ತುಮಾಡಿರುತ್ತಾರೆ, ಮೊದಲೇ ವಿಚಾರಿಸಿ ಹೊರಡಿ. ಮನೆ ನೋಡಿದ ಮೇಲೆ ಊರಿನಿಂದ ಮೇಲಕ್ಕೆ ಮಾಸ್ ಎಕಲ್ಸ್ ಅನ್ನೋ ಪುಟ್ಟ ಕೆರೆಯವರೆಗೆ ನಡೆಯಿರಿ. ಗಂಡಹೆಂಡತಿ ಸಂಜೆ ದೋಣಿ ಬಿಟ್ಟುಕೊಂಡು ಮೀನು ಹಿಡಿಯುತ್ತಿದ್ದ ಕೆರೆ ಅದು. ಈ ಸಲ ಮಗಳು ಏನಂದಳು ಅಂತ ಬರೆಯಿರಿ, ಅವಳ ಕೈಬರಹದಲ್ಲೇ ಬಂದರೆ ಇನ್ನೂ ಸಂತೋಷ.