ಹಕ್ಕಿಗಳ ನೆಲೆ ಕಾಯಲು ಅನುದಾನ: ಅರ್ಜಿ ಎಲ್ಲಿ ಸೋಲುತ್ತದೆ?

ಪ್ರಶ್ನೆ: ಜೌಗು ಪ್ರದೇಶವೊಂದರಲ್ಲಿ ಗೂಡು ಕಟ್ಟುವ ನೀರುಹಕ್ಕಿಗಳನ್ನು ನಾವು ಹನ್ನೆರಡು ಜನ ಸೇರಿ ಕಾಯುತ್ತಿದ್ದೇವೆ. ನಮ್ಮ ಗುಂಪು ನೋಂದಣಿಯಾಗಿಲ್ಲ. ಅರಿವು ಶಿಬಿರಗಳಿಗೆ ಮತ್ತು ದುರ್ಬೀನುಗಳ ಖರೀದಿಗೆ ಹಣ ಕೋರಿ ಒಂದು ನಿಧಿಗೆ ಸಲ್ಲಿಸಿದ ಅರ್ಜಿ ಕಾರಣ ತಿಳಿಸದೆಯೇ ತಿರಸ್ಕೃತವಾಯಿತು. ಯಾರನ್ನು, ಹೇಗೆ ಕೇಳಬೇಕು?

ಉತ್ತರ: ನೋಂದಣಿ ಇಲ್ಲದಿರುವುದು ತೊಡಕೇ ಹೊರತು ತಡೆಯಲ್ಲ. ಪ್ರಕೃತಿ ಸಂರಕ್ಷಣೆಗೆ ನೆರವಾಗುವ ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಸಣ್ಣ ಅನುದಾನಗಳು ಅಭಿವೃದ್ಧಿಶೀಲ ದೇಶಗಳಲ್ಲಿ ಕೆಲಸ ಮಾಡುವ ವ್ಯಕ್ತಿಗಳಿಗೂ ದೊರೆಯುತ್ತವೆ. ಮೊಹಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿ 25,000 ಡಾಲರ್‌ವರೆಗೆ ನೀಡುತ್ತದೆಯಾದರೂ ಅದರ ಗಮನವೆಲ್ಲ ಅಪಾಯದಲ್ಲಿರುವ ನಿರ್ದಿಷ್ಟ ಪ್ರಭೇದದ ಮೇಲಿರುತ್ತದೆ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ 1992ರಿಂದ ಸಮುದಾಯ ಸಂಘಟನೆಗಳಿಗೆ ನೆರವಾಗುತ್ತಿದ್ದು, ಅಲ್ಲಿ ಆಯ್ಕೆ ಮಾಡುವ ರಾಷ್ಟ್ರೀಯ ಸಮಿತಿಯಲ್ಲಿ ಸರ್ಕಾರೇತರ ಸದಸ್ಯರದೇ ಬಹುಮತ. ನೋಂದಾಯಿತ ಸಂಸ್ಥೆಯೊಂದರ ಮೂಲಕ ಅರ್ಜಿ ಹಾಕುವುದಾದರೆ, ಹಣ ಅವರ ಖಾತೆಗೆ ಬಂದರೂ ಖರ್ಚಿನ ತೀರ್ಮಾನ ಯಾರದು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಸ್ನೇಹವನ್ನು ನಂಬಿ ಬಿಟ್ಟ ಲೆಕ್ಕವೇ ಮುಂದೆ ಜಗಳಕ್ಕೆ ಮೂಲವಾಗುತ್ತದೆ.

ಆದರೆ ನಿಮ್ಮ ಅರ್ಜಿ ಸೋತದ್ದು ಬೇರೆಡೆ ಎಂಬುದು ನನ್ನ ಊಹೆ. ಗೂಡುಗಳು ಏಕೆ ಹಾಳಾಗುತ್ತಿವೆ ಎಂಬುದನ್ನು ಹೇಳದೆ ಶಿಬಿರ ಮತ್ತು ದುರ್ಬೀನಿಗೆ ಹಣ ಕೇಳಿದರೆ, ಅದರಿಂದ ಯಾವ ಮರಿ ಉಳಿಯಿತು ಎಂದು ಪರಿಶೀಲಕರಿಗೆ ತಿಳಿಯುವುದಿಲ್ಲ. ಮರಿಗಳು ಹಾರುವ ಮುನ್ನವೇ ಜೊಂಡು ಕೊಯ್ಯುವುದು ಕಾರಣವೆನ್ನೋಣ. ಕೊಯ್ಯುವವರು ಆರು ವಾರ ತಡೆಯಲು ಒಪ್ಪಿದ್ದಾರೆ, ಅದರಿಂದ ಅವರಿಗಾಗುವ ನಷ್ಟ ಇಷ್ಟು, ಅದನ್ನು ಭರಿಸಲು ಈ ಹಣ ಎಂಬ ಒಂದೇ ವಾಕ್ಯ ಹತ್ತು ಶಿಬಿರಗಳಿಗಿಂತ ತೂಕದ್ದು. ಆ ಮಾತುಕತೆ ಅರ್ಜಿಗೆ ಮೊದಲೇ ನಡೆದಿರಬೇಕು.

ಜೊತೆಗೆ ಎಣಿಕೆಯ ಪುಸ್ತಕ ಬೇಕು. ವಾರಕ್ಕೊಮ್ಮೆ, ಅದೇ ದಂಡೆಯಲ್ಲಿ, ಬೆಳಗಿನ ಅದೇ ಹೊತ್ತಿನಲ್ಲಿ ಇಬ್ಬರು ನಿಂತು ಎಣಿಸಿ, ದಿನಾಂಕ, ಎಣಿಸಿದವರ ಹೆಸರು, ಮೊಟ್ಟೆ ಮರಿಗಳಿರುವ ಗೂಡುಗಳು, ಬರಿದಾದ ಗೂಡುಗಳು ಇಷ್ಟನ್ನು ಬರೆಯಿರಿ. ಏನೂ ಕಾಣದ ದಿನ ಸೊನ್ನೆ ಬರೆಯಲು ಅನೇಕರು ಸಂಕೋಚಪಡುತ್ತಾರೆ. ನನಗಂತೂ ಸೊನ್ನೆಗಳಿರುವ ಪುಸ್ತಕದ ಮೇಲೆಯೇ ಹೆಚ್ಚು ನಂಬಿಕೆ. ಕಾಯಲು ನೀವು ಕೊಟ್ಟ ದಿನಗಳನ್ನೂ ಅದರಲ್ಲೇ ಗುರುತಿಸಿಡಿ. ನಿಮ್ಮ ಪಾಲಿನ ಕೊಡುಗೆ ಎಷ್ಟು ಎಂದು ನಿಧಿಗಳು ಕೇಳಿದಾಗ ಶ್ರಮದ ಮೌಲ್ಯವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಅನುದಾನ ಮುಗಿದ ಮೇಲೆ ಕೆಲಸ ನಿಂತುಹೋಗದಂತೆ ಏನು ಮಾಡಬಹುದು?

ಉತ್ತರ: ನೇಪಾಳದ ಒಂದು ಉದಾಹರಣೆ ನೋಡಿ. ಜಾನುವಾರುಗಳಿಗೆ ಕೊಡುವ ಡೈಕ್ಲೊಫೆನಾಕ್ ಎಂಬ ನೋವುನಿವಾರಕದ ಅಂಶ ಉಳಿದಿದ್ದ ಹೆಣಗಳನ್ನು ತಿಂದು ರಣಹದ್ದುಗಳು ಸಾಯುತ್ತಿದ್ದಾಗ, 2006ರಲ್ಲಿ ಅಲ್ಲಿನ ಪಿಥೌಲಿಯಲ್ಲಿ ಸಮುದಾಯವೇ ನಡೆಸುವ ಆಹಾರ ತಾಣವೊಂದು ಆರಂಭವಾಯಿತು. ಮುದಿ ಹಸುಗಳನ್ನು ಸಾಕಿ, ಅವು ಸಹಜವಾಗಿ ಸತ್ತ ಮೇಲೆ ಔಷಧದ ಅಂಶವಿಲ್ಲದ ಹೆಣವನ್ನು ಹದ್ದುಗಳಿಗೆ ಇಡುವ ವ್ಯವಸ್ಥೆಯದು. ಹಸುವಿಗೆ ಮೇವು ಪ್ರತಿದಿನವೂ ಬೇಕು, ಅನುದಾನ ಮುಗಿದ ಮರುದಿನವೂ ಬೇಕು. ನೋಡಲು ಬರುವ ಪ್ರವಾಸಿಗರಿಂದ ಸಿಗುವ ಆದಾಯ ಅಲ್ಲಿ ನೆರವಾಯಿತು. ನಿಮ್ಮ ಆಯವ್ಯಯದಲ್ಲಿಯೂ ಇಂಥ ನಿತ್ಯದ ಖರ್ಚುಗಳನ್ನು ಒಂದೇ ಸಲ ಮುಗಿಯುವ ಖರ್ಚುಗಳಿಂದ ಬೇರ್ಪಡಿಸಿ, ಪ್ರತಿಯೊಂದರ ಮುಂದೆ ಮೂರನೆಯ ವರ್ಷ ಅದನ್ನು ಕೊಡುವವರು ಯಾರೆಂದು ಬರೆಯಿರಿ. ಹೆಸರು ಬರೆಯಲಾಗದ ಖರ್ಚನ್ನು ಈಗಲೇ ಕಡಿಮೆ ಮಾಡಿ.