ಮುತ್ಯಾನ ವಾಲ್ವ್ ರೇಡಿಯೊಗೆ ಪ್ಲಗ್ ಹಾಕಬಹುದಾ?

ಪ್ರಶ್ನೆ: ನಮ್ಮ ಮುತ್ಯಾನ ಕಟ್ಟಿಗೆ ಪೆಟ್ಟಿಗೆಯ ರೇಡಿಯೊ ಎಷ್ಟೋ ವರ್ಷದಿಂದ ಅಟ್ಟದ ಮೇಲಿತ್ತು. ಈಗ ಇಳಿಸಿದ್ದೇವೆ. ಒಳಗಿನ ಗಾಜಿನ ವಾಲ್ವ್‌ಗಳ ಮೇಲೆ ಇಎಲ್ 84, ಇಝಡ್ 80 ಅಂತ ಇದೆ. ಪ್ಲಗ್ ಹಾಕಿ ನೋಡಬಹುದಾ? ಒಬ್ಬ ಮೆಕ್ಯಾನಿಕ್ ‘ವಾಲ್ವ್ ಎಲ್ಲಾ ಹೋಗಿವೆ, ಒಳಗೆ ಬ್ಲೂಟೂತ್ ಬೋರ್ಡ್ ಕೂರಿಸಿಕೊಡ್ತೀನಿ’ ಅಂತಾರೆ. ಶಾರ್ಟ್‌ವೇವ್‌ನಲ್ಲಿ ಈಗಲೂ ಏನಾದರೂ ಬರುತ್ತಾ ಸರ್?
– ಓದುಗರು, ಆಳಂದ

ಉತ್ತರ: ಪ್ಲಗ್ ಹಾಕಬೇಡಿ. ಬ್ಲೂಟೂತ್ ಬೋರ್ಡಂತೂ ಬೇಡವೇ ಬೇಡ. ಒಳ್ಳೆಯ ಸೆಟ್ಟಿನ ಹೊಟ್ಟೆ ಬಗೆದು ಖಾಲಿ ಡಬ್ಬಿ ಮಾಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಕಲಬುರಗಿಯ ನನ್ನ ಅಂಗಡಿಗೆ ಬರುವ ಹಳೇ ಸೆಟ್‌ಗಳಲ್ಲಿ ವಾಲ್ವ್ ಕೆಟ್ಟಿರೋದು ಕಡಿಮೆ. ಕೆಟ್ಟಿರೋದು ಕಂಡೆನ್ಸರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಬಿಡಿಭಾಗ.

ದೊಡ್ಡ ಅಲ್ಯೂಮಿನಿಯಂ ಡಬ್ಬಿಯಂಥದ್ದು ಫಿಲ್ಟರ್ ಕಂಡೆನ್ಸರ್. ನಮ್ಮ ಕಡೆ ಬಿಸಿಲಿಗೆ ಅಟ್ಟದ ಮೇಲೆ ಅದು ಒಳಗೇ ಒಣಗಿರುತ್ತೆ. 47 ಮೈಕ್ರೋಫ್ಯಾರಡ್, 450 ವೋಲ್ಟ್‌ನದು ಹಾಕಿಸಿ. ಗುಂಯ್ ಸದ್ದು ಹೋಗಲಿ ಅಂತ ಕೆಲವರು 100 ಹಾಕ್ತಾರೆ. ಎಸಿಯನ್ನು ಡಿಸಿ ಮಾಡುವ ವಾಲ್ವ್ ಇಝಡ್ 80 ತಡೆಯೋದು 50ರವರೆಗೆ ಮಾತ್ರ. ಜಾಸ್ತಿ ಹಾಕಿದರೆ ಚೆನ್ನಾಗಿದ್ದ ವಾಲ್ವೂ ಹೋಗುತ್ತೆ.

ನಿಜವಾದ ಕಳ್ಳ ಇನ್ನೊಬ್ಬನಿದ್ದಾನೆ. ಸ್ಪೀಕರ್ ನಡೆಸುವ ವಾಲ್ವ್ ಇಎಲ್ 84ರ ಎರಡನೇ ಪಿನ್ನಿಗೆ ಬರುವ ಚಿಕ್ಕ ಕಾಗದದ ಕಂಡೆನ್ಸರ್. ಮೇಲೆ ಮೇಣ ಕರಗಿ, ಇರುವೆ ಮೆತ್ತಿಕೊಂಡು, ನೋಡೋಕೆ ಬಡಪಾಯಿ. ಅದು ಸ್ವಲ್ಪ ಲೀಕ್ ಆದರೂ ಆ ಪಿನ್ನಿಗೆ ಪ್ಲಸ್ ವೋಲ್ಟ್ ಹೋಗುತ್ತೆ. ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಕೆಂಪಗಾಗುತ್ತೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತೆ. ಕಂಡೆನ್ಸರ್ ಬೆಲೆ ಕೆಲವೇ ರೂಪಾಯಿ. ಟ್ರಾನ್ಸ್‌ಫಾರ್ಮರ್ ಹುಡುಕೋದು ಕಷ್ಟ. ಪರೀಕ್ಷೆಗೀರೀಕ್ಷೆ ಬೇಡ, ಸುಮ್ನೆ ಬದಲಿಸಿಬಿಡಿ. ಹಳೆಯದರಷ್ಟೇ ಮೈಕ್ರೋಫ್ಯಾರಡ್‌ನ, 630 ವೋಲ್ಟ್‌ನದು ಸಾಕು.

ಆಮೇಲೆ 60 ವ್ಯಾಟ್‌ನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ರೇಡಿಯೊಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹೋಗುವಂತೆ ಹಾಕಿ ಆನ್ ಮಾಡಿ. ಎಲ್‌ಇಡಿ ನಡೆಯಲ್ಲ. ಬಲ್ಬ್ ಜೋರಾಗಿ ಹತ್ತಿ ಮಂದವಾದರೆ ಸರಿ. ಜೋರಾಗೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಒಳಗೆ 250 ವೋಲ್ಟ್ ಡಿಸಿ ಇರುತ್ತೆ, ಆಫ್ ಆದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತೆ. ಕೈ ಪಳಗಿಲ್ಲದಿದ್ದರೆ ಬಲ್ಲವರ ಕೈಲೇ ಮಾಡಿಸಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ನಿಮ್ಮ ಸೆಟ್‌ನಲ್ಲಿ ಯುಎಲ್ 84 ಇದ್ದರೆ ಷಾಸಿಗೇ (ಒಳಗಿನ ಲೋಹದ ತಳಕ್ಕೇ) ಮೇನ್ಸ್ ಕರೆಂಟ್ ಬಂದಿರಬಹುದು. ಮುಟ್ಟಲೇಬೇಡಿ.

ಐಎಫ್ ಡಬ್ಬಿಗಳ (ಸ್ಟೇಷನ್‌ಗಳನ್ನು ಬೇರ್ಪಡಿಸುವ ಸುರುಳಿಗಳಿರುವ ಚಿಕ್ಕ ಲೋಹದ ಡಬ್ಬಿಗಳ) ತಿರುಪು ಸಡಿಲವಾಗಿದೆ ಅಂತ ಯಾರೂ ಬಿಗಿ ಮಾಡದಿರಲಿ. ಅದು ಸಡಿಲವಲ್ಲ, ಟ್ಯೂನಿಂಗ್.

ಇನ್ನು ಸ್ಟೇಷನ್ ವಿಷಯ. ಬಿಬಿಸಿ ಹಿಂದಿ 2020ರ ಜನವರಿಗೇ ಶಾರ್ಟ್‌ವೇವ್ ಬಿಟ್ಟಿತು. ಆದರೂ ಬ್ಯಾಂಡ್ ಪೂರ್ತಿ ಖಾಲಿಯಾಗಿಲ್ಲ. ಹೊತ್ತು ಮುಳುಗಿದ ಮೇಲೆ 31 ಮತ್ತು 41 ಮೀಟರ್ ತಿರುಗಿಸಿ. ಚೀನಾದವರಂತೂ ಸಿಕ್ಕೇ ಸಿಗ್ತಾರೆ. ಮಾಳಿಗೆಯ ಮೇಲೆ ಹತ್ತು ಮೀಟರ್ ತಂತಿ ಎಳೆಯಿರಿ, ಕರೆಂಟ್ ಲೈನ್‌ನಿಂದ ದೂರ ಇರಲಿ. ಬರೀ ಗರಗರ ಬಂದರೆ ರೇಡಿಯೊನ ಬೈಯಬೇಡಿ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ ನೋಡಿ. ಓಣಿಗೇ ಕರೆಂಟ್ ಹೋದಾಗ ಬ್ಯಾಂಡ್ ಎಷ್ಟು ಶುಭ್ರ ಇರುತ್ತೆ ಗೊತ್ತಾ! ಏನು ಮಾಡೋದು, ಆಗ ನಿಮ್ಮ ರೇಡಿಯೊನೂ ಬಂದ್.