ಸ್ಟ್ರಾಂಬಿಡಿಯಮ್ಮೋ ಸ್ಟ್ರೋಬಿಲಿಡಿಯಮ್ಮೋ: ಒಡೆದ ಕೋಶಗಳ ಬಗ್ಗೆ

ಫಾಸ್ಫೇಟ್ ಬಫರ್‌ನಲ್ಲಿ ಸ್ಥಿರೀಕರಿಸಿದ (ರಾಸಾಯನಿಕದಿಂದ ಇದ್ದ ಸ್ಥಿತಿಯಲ್ಲೇ ಹಿಡಿದಿಟ್ಟ) ನಿಮ್ಮ ಸಮುದ್ರದ ಸಿಲಿಯೇಟುಗಳ (ರೋಮದಂಥ ಸಿಲಿಯಗಳಿರುವ ಏಕಕೋಶ ಜೀವಿಗಳ) ಹೊರಪದರ ಒಡೆದು, ಮೈಟೊಕಾಂಡ್ರಿಯಾಗಳು ಉಬ್ಬಿ, ಅವು ಸ್ಟ್ರಾಂಬಿಡಿಯಮ್ಮೋ ಸ್ಟ್ರೋಬಿಲಿಡಿಯಮ್ಮೋ, ಈ ಎರಡರಲ್ಲಿ ಯಾವ ಕುಲದವು ಎಂದು ತಿಳಿಯದಿರುವುದಕ್ಕೆ ಬಹುಶಃ ಆಸ್ಮೋಟಿಕ್ ಒತ್ತಡದ ವ್ಯತ್ಯಾಸವೇ (ಬಫರ್ ತೀರ ತೆಳುವಾಗಿ ಕೋಶದೊಳಗೆ ನೀರು ನುಗ್ಗುವುದೇ) ಕಾರಣ. ನಿಮ್ಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾಗದು. ಸಮುದ್ರದ ನೀರು ಸುಮಾರು 1,000 ಮಿಲಿಆಸ್ಮೋಲ್ (ಕರಗಿದ ಕಣಗಳ ಸಾಂದ್ರತೆಯ ಅಳತೆ) ಇರುತ್ತದೆ, 0.1 ಮೋಲಾರ್ ಬಫರ್ ಅದರ ಕಾಲುಭಾಗದ ಆಸುಪಾಸಿನಲ್ಲಿರುತ್ತದೆ. ಸಾಲದ್ದಕ್ಕೆ ಫಾಸ್ಫೇಟ್ ಸಮುದ್ರದ ನೀರಿನ ಕ್ಯಾಲ್ಸಿಯಂನೊಡನೆ ಸೇರಿ ಗಸಿ ಕಟ್ಟುತ್ತದೆ.

ಮೊದಲು ಜೀವಂತ ಕೋಶಗಳನ್ನು ಸೋಸಿದ ಸಮುದ್ರದ ನೀರಿನಲ್ಲಿ ಕೆಲವು ಗಂಟೆ ಆಹಾರವಿಲ್ಲದೆ ಬಿಡಿ. ಆಹಾರ ಕುಹರಗಳು ಕಡಿಮೆಯಾಗುತ್ತವೆ. ಬಳಿಕ ಸುಕ್ರೋಸ್ ಬೆರೆಸಿ ಸಾಂದ್ರತೆ ಹೊಂದಿಸಿದ ಕ್ಯಾಕೊಡಿಲೇಟ್ ಬಫರ್‌ನಲ್ಲಿ 2% ಗ್ಲುಟರಾಲ್ಡಿಹೈಡ್ ಮತ್ತು 1% ಆಸ್ಮಿಯಂ ಟೆಟ್ರಾಕ್ಸೈಡನ್ನು ಬಳಕೆಗೆ ಸ್ವಲ್ಪ ಮುಂಚೆಯಷ್ಟೇ ಕೂಡಿಸಿ, ಮಂಜುಗಡ್ಡೆಯ ಮೇಲೆ ಅರ್ಧ ಗಂಟೆ ಸ್ಥಿರೀಕರಿಸಿ. ಮಿಶ್ರಣ ಕಪ್ಪಾಗಿದ್ದರೆ ಬಳಸಬೇಡಿ. ಎರಡೂ ವಿಷಕಾರಿ, ಕ್ಯಾಕೊಡಿಲೇಟ್‌ನಲ್ಲಂತೂ ಆರ್ಸೆನಿಕ್ ಇದೆ. ಆದ್ದರಿಂದ ಫ್ಯೂಮ್ ಹುಡ್‌ನೊಳಗೇ ಕೆಲಸ ಮಾಡಿ.

ಸಿಲಿಯದ ಬುಡದ ಕೈನೆಟಿಡ್ ರಚನೆ ವಿಕಾಸದಲ್ಲಿ ನಿಧಾನವಾಗಿ ಬದಲಾಗುತ್ತದೆಂದು ಸಿಲಿಯೇಟು ತಜ್ಞ ಡೆನಿಸ್ ಲಿನ್ 1976ರಲ್ಲಿ ವಾದಿಸಿದರು. ದೊಡ್ಡ ವರ್ಗಗಳನ್ನು ಬೇರ್ಪಡಿಸಲು ಅದು ಒಳ್ಳೆಯ ಆಧಾರವೇ. ಆದರೆ ನಿಮ್ಮ ಎರಡೂ ಕುಲಗಳು ಸ್ಪೈರೋಟ್ರಿಕ್ ಎಂಬ ಒಂದೇ ದೊಡ್ಡ ವರ್ಗದವಾದ್ದರಿಂದ ಅದೊಂದನ್ನೇ ನಂಬಿ ಕೂರುವುದಕ್ಕಿಂತ, ಸರಣಿ ಛೇದಗಳಲ್ಲಿ (ಒಂದರ ಹಿಂದೊಂದು ಕತ್ತರಿಸಿದ ತೆಳು ಪದರಗಳಲ್ಲಿ) ಹೊರಪದರದಡಿಯ ಉದ್ದ ಕಡ್ಡಿಗಳಂಥ ಟ್ರೈಕೈಟ್‌ಗಳನ್ನೂ ಕೋಶದ ಹಿಂಭಾಗದ ಪಾಲಿಸ್ಯಾಕರೈಡ್ ಫಲಕಗಳನ್ನೂ ಹುಡುಕಿ. ಅವೆರಡೂ ಒಟ್ಟಿಗೆ ಕಂಡರೆ ಸ್ಟ್ರಾಂಬಿಡಿಯಂ ಕಡೆಗೆ ವಾಲಬಹುದು. ಹರಿದ್ರೇಣುಗಳು ಕಂಡವೆಂದು ಮೋಸಹೋಗಬೇಡಿ, ಅವು ತಿಂದ ಪಾಚಿಯಿಂದ ಕದ್ದವು.

ಬಾಯಿಯ ಸುತ್ತಲಿನ ಸಿಲಿಯ ವಲಯ ಸ್ಟ್ರಾಂಬಿಡಿಯಂನಲ್ಲಿ ತೆರೆದಿರುತ್ತದೆ, ಸ್ಟ್ರೋಬಿಲಿಡಿಯಂನಲ್ಲಿ ಮುಚ್ಚಿದ ವೃತ್ತವಾಗಿರುತ್ತದೆ. ತೆಳು ಛೇದದಲ್ಲಿ ಇದು ಸುಲಭವಾಗಿ ಕಾಣದು. ಅದೇ ಮಾದರಿಯ ಒಂದು ಪಾಲನ್ನು ಈ ವಲಯವನ್ನು ಎದ್ದು ತೋರಿಸುವ ಪ್ರೋಟಾರ್ಗಾಲ್ ಬೆಳ್ಳಿ ಲೇಪನಕ್ಕೆ ಮೊದಲೇ ತೆಗೆದಿಡಿ.